ಪ್ಲೇಟ್‌ಲೆಟ್ ವಂಶವಾಹಿಯಲ್ಲಿ ವ್ಯತ್ಯಾಸವಿದ್ದರೆ ಹೃದಯಾಘಾತ ಖಚಿತವೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಂದೆಗೆ 49ನೆಯ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ನನಗೀಗ 36. ಹೆದರಿ ವಂಶವಾಹಿ ಪರೀಕ್ಷೆ ಮಾಡಿಸಿದೆ. ‘ಪಿಎಲ್‌ಎ2, ಒಂದು ಪ್ರತಿ ಇದೆ, ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ಹೃದಯಾಘಾತದ ಅಪಾಯ ಹೆಚ್ಚು’ ಎಂದು ವರದಿ ಬಂದಿದೆ. ಓದಿದಾಗಿನಿಂದ ನಿದ್ದೆಯಿಲ್ಲ. ನಾನು ದಿನಾ ಆಸ್ಪಿರಿನ್ ತೆಗೆದುಕೊಳ್ಳಲು ಶುರು ಮಾಡಬೇಕೇ?

ಉತ್ತರ (ಹೃದ್ರೋಗ ತಜ್ಞೆ): ಈ ವರದಿಯೊಂದನ್ನೇ ನಂಬಿ ಆಸ್ಪಿರಿನ್ ಶುರು ಮಾಡಬೇಡಿ. ಹೃದಯದ ತೊಂದರೆ ಇಲ್ಲದವರಿಗೆ ಅದರಿಂದ ಆಗುವ ಲಾಭ ಅಲ್ಪ. ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವವಾಗುವ ಅಪಾಯ ಮಾತ್ರ ನಿಜವಾದದ್ದು.

ವರದಿಯ ಆ ಸಾಲಿನ ಅರ್ಥ ಇಷ್ಟು. ಹೃದಯದ ರಕ್ತನಾಳದಲ್ಲಿ ವರ್ಷಗಟ್ಟಲೆ ಕೂಡಿಕೊಂಡ ಕೊಬ್ಬಿನ ಗಂಟು ಬಿರಿದಾಗ, ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಅದನ್ನು ಗಾಯವೆಂದು ಬಗೆದು ಮುತ್ತಿಕೊಳ್ಳುತ್ತವೆ. ಅವುಗಳ ಹೊರಮೈಯಲ್ಲಿರುವ ಜಿಪಿ 2ಬಿ-3ಎ ಎಂಬ ಪ್ರೋಟೀನ್, ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ. ಹೀಗೆ ಒಂದಕ್ಕೊಂದು ಬೆಸೆದು ಹೆಪ್ಪು ಬೆಳೆಯುತ್ತದೆ, ನಾಳ ಮುಚ್ಚುತ್ತದೆ. ಈ ಪ್ರೋಟೀನಿನ 33ನೆಯ ಸ್ಥಾನದಲ್ಲಿ ಬಹುತೇಕರಿಗೆ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅದರ ವಂಶವಾಹಿಯ ನಿಮ್ಮ ಎರಡು ಪ್ರತಿಗಳಲ್ಲಿ ಒಂದರಿಂದ ಅಲ್ಲಿ ಪ್ರೋಲಿನ್ ಎಂಬ ಬೇರೆ ಅಮೈನೋ ಆಮ್ಲ ಬರುತ್ತದೆ; ಪಿಎಲ್‌ಎ2 ಎಂದರೆ ಇದೇ. ಇದು ಅಪರೂಪವೂ ಅಲ್ಲ: ಐರೋಪ್ಯ ಮೂಲದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದೆ, ಅವರಲ್ಲಿ ಹೆಚ್ಚಿನವರಿಗೆ ಹೃದಯಾಘಾತವಾಗುವುದಿಲ್ಲ.

ಭಯ ಹುಟ್ಟಿದ್ದು 1996ರಲ್ಲಿ. ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ, ಹೃದಯಾಘಾತ ಅಥವಾ ತೀವ್ರ ಎದೆನೋವಿನಿಂದ ದಾಖಲಾದವರಲ್ಲಿ ಈ ವ್ಯತ್ಯಾಸ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಂಡಿತು. ಮರುವರ್ಷವೇ, ಅಲ್ಲಿನ ಸಾವಿರಾರು ಪುರುಷ ವೈದ್ಯರನ್ನು ವರ್ಷಗಳ ಕಾಲ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ಆಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಉಳಿದದ್ದು, ಇದ್ದರೂ ಬಹಳ ಚಿಕ್ಕ ಪ್ರಭಾವ. ಇಷ್ಟನ್ನು ತಿಳಿಸದೆ ‘ಅಪಾಯ ಹೆಚ್ಚು’ ಎಂದು ಒಂದೇ ಸಾಲಿನಲ್ಲಿ ಬರೆದು ಜನರ ಕೈಗೆ ಕೊಡುವುದು ಸರಿಯಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

(ಇದೇ ವಂಶವಾಹಿಯ ಎರಡೂ ಪ್ರತಿಗಳು ಪೂರಾ ಕೆಟ್ಟರೆ ಆಗುವುದು ತದ್ವಿರುದ್ಧ: ಗ್ಲಾನ್ಸ್‌ಮನ್ ಎಂಬ ಕಾಯಿಲೆ. ಪ್ಲೇಟ್‌ಲೆಟ್‌ಗಳ ಎಣಿಕೆ ಸರಿಯಿದ್ದರೂ ಅವು ಒಂದಕ್ಕೊಂದು ಅಂಟುವುದಿಲ್ಲ, ರಕ್ತ ಸುಲಭವಾಗಿ ನಿಲ್ಲುವುದಿಲ್ಲ.)

ಪ್ರಶ್ನೆ: ಹಾಗಾದರೆ ನಾನು ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಆ ವರದಿಯ ಮಟ್ಟಿಗೆ ಹೌದು. ತಂದೆಯವರ ವಿಷಯದಲ್ಲಿ ಅಲ್ಲ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55 ತುಂಬುವ ಮೊದಲೇ ಹೃದ್ರೋಗ ಬಂದಿದ್ದರೆ ಅದಕ್ಕೆ ಪಿಎಲ್‌ಎ2ಗಿಂತ ಹೆಚ್ಚು ತೂಕವಿದೆ. ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್), ರಕ್ತದೊತ್ತಡ, ಸಕ್ಕರೆ ಅಂಶ ಪರೀಕ್ಷಿಸಿಕೊಳ್ಳಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಲಿಪೋಪ್ರೋಟೀನ್-ಎ ಎಂಬ ಕಣವನ್ನೂ ಒಮ್ಮೆ ನೋಡಿಸಿ. ಅದರ ಮಟ್ಟ ಬಹುಪಾಲು ವಂಶದಿಂದಲೇ ನಿರ್ಧಾರವಾಗುತ್ತದೆ. ಎಲ್‌ಡಿಎಲ್ ಬಹಳ ಹೆಚ್ಚಿದ್ದರೆ ವಂಶಪಾರಂಪರ್ಯ ಕೊಲೆಸ್ಟ್ರಾಲ್ ಕಾಯಿಲೆಯೇ ಎಂದು ವೈದ್ಯರನ್ನು ಕೇಳಿ. ಅಲ್ಲಿ ವಂಶವಾಹಿ ಪರೀಕ್ಷೆಗೆ ನಿಜಕ್ಕೂ ಅರ್ಥವಿದೆ, ಚಿಕಿತ್ಸೆಯೂ ಇದೆ. ಧೂಮಪಾನವಿದ್ದರೆ ಇಂದೇ ಬಿಡಿ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ಸುಮಾರು 90 ಪಾಲು ಇಂಥ ಅಳೆಯಬಹುದಾದ ಒಂಬತ್ತು ಅಂಶಗಳಿಗೆ ಸೇರಿದ್ದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ಅಕ್ಕನಿಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೊಗ್ರೆಲ್ ಮಾತ್ರೆ ಕೊಟ್ಟಿದ್ದಾರೆ. ಕೆಲವರಿಗೆ ಆ ಮಾತ್ರೆ ಹತ್ತುವುದಿಲ್ಲವಂತೆ, ನಿಜವೇ?

ಉತ್ತರ: ನಿಜ. ಆ ಮಾತ್ರೆ ನುಂಗಿದ ರೂಪದಲ್ಲಿ ಕೆಲಸ ಮಾಡುವುದಿಲ್ಲ. ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಮಾರ್ಪಡಿಸಬೇಕು. ಆ ಕಿಣ್ವದ ವಂಶವಾಹಿಯ ಎರಡೂ ಪ್ರತಿಗಳು ದುರ್ಬಲವಾಗಿದ್ದರೆ ಪ್ಲೇಟ್‌ಲೆಟ್‌ಗಳ ಅಂಟುವಿಕೆ ಸಾಕಷ್ಟು ತಗ್ಗುವುದಿಲ್ಲ, ಸ್ಟೆಂಟ್‌ನಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸದ ಟಿಕಾಗ್ರೆಲರ್, ಪ್ರಾಸುಗ್ರೆಲ್ ಮಾತ್ರೆಗಳಿವೆ, ಆದರೆ ಅವುಗಳಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ಎಲ್ಲರಿಗೂ ಹೊಂದುವುದಿಲ್ಲ. ಪರೀಕ್ಷೆ ಬೇಕೇ ಎಂದು ಸ್ಟೆಂಟ್ ಹಾಕಿದ ವೈದ್ಯರನ್ನೇ ಕೇಳಿ. ಅವರು ಹೇಳುವವರೆಗೆ ಅಕ್ಕನವರು ಒಂದು ದಿನವೂ ಮಾತ್ರೆ ನಿಲ್ಲಿಸಬಾರದು.