ಛೇದನ ಕೊಠಡಿಯ ಎಕ್ಸಾಸ್ಟ್ ಫ್ಯಾನ್ ಎಲ್ಲಿರಬೇಕು?

ಪ್ರಶ್ನೆ (ಕಿರಿಯ ಎಂಜಿನಿಯರ್): ವೈದ್ಯಕೀಯ ಕಾಲೇಜೊಂದರ ಹಳೆಯ ಛೇದನ ಕೊಠಡಿಯನ್ನೂ ದಾನವಾಗಿ ಬಂದ ದೇಹಗಳನ್ನು ಇಡುವ ಶವಾಗಾರವನ್ನೂ ನವೀಕರಿಸುವ ಕೆಲಸ ನನಗೆ ಬಂದಿದೆ. ನಕ್ಷೆಯಲ್ಲಿ ಚಾವಣಿಯ ಹತ್ತಿರ ನಾಲ್ಕು ಎಕ್ಸಾಸ್ಟ್ ಫ್ಯಾನ್ ತೋರಿಸಿದ್ದೇನೆ. ಸಾಕೇ ಮೇಡಂ?

ಉತ್ತರ (ಅಂಗರಚನಾಶಾಸ್ತ್ರ ಪ್ರಾಧ್ಯಾಪಕಿ): ನಾಲ್ಕಲ್ಲ, ಎಂಟು ಹಾಕಿದರೂ ಸಾಲದು, ಅವು ಇರುವ ಜಾಗವೇ ತಪ್ಪು. ದೇಹ ಕೊಳೆಯದಂತೆ ಬಳಸುವ ಫಾರ್ಮಾಲಿನ್ ಎಂದರೆ ಫಾರ್ಮಾಲ್ಡಿಹೈಡ್ ಅನಿಲ ಕರಗಿದ ನೀರು; ಮೇಜಿನ ಮೇಲಿನ ದೇಹದಿಂದ ಏಳುವ ಅದರ ಆವಿಯನ್ನು ಚಾವಣಿಗೆ ಎಳೆದರೆ, ಬಗ್ಗಿ ನಿಂತ ವಿದ್ಯಾರ್ಥಿಯ ಮೂಗನ್ನು ದಾಟಿಕೊಂಡೇ ಅದು ಹೋಗಬೇಕು. ಮೊದಲ ವರ್ಷ ನಾವೆಲ್ಲ ಆ ಕೊಠಡಿಯಲ್ಲಿ ಕಣ್ಣೀರು ಸುರಿಸಿದ್ದು ಮರುಕದಿಂದಲ್ಲ! ಫಾರ್ಮಾಲ್ಡಿಹೈಡ್ ಗಾಳಿಗಿಂತ ತುಸು ಭಾರ ಬೇರೆ. ಹೊಸ ಗಾಳಿ ಮೇಲಿನಿಂದ ಬರಲಿ, ಕೆಟ್ಟ ಗಾಳಿ ಕೆಳಗಿನಿಂದ ಹೋಗಲಿ. ಅಂಚಿನಲ್ಲೇ ಆವಿಯನ್ನು ಕೆಳಕ್ಕೆ ಸೆಳೆಯುವ ಮೇಜುಗಳು ಸಿಗುತ್ತವೆ.

ಇದು ಬರೀ ವಾಸನೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವರ್ಗೀಕರಿಸಿತು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಂತೆ ಗಾಳಿಯಲ್ಲಿ ಅದರ ಎಂಟು ಗಂಟೆಯ ಸರಾಸರಿ 0.75 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 0.75 ಭಾಗ) ಮೀರಬಾರದು. ವಿದ್ಯಾರ್ಥಿ ಒಂದು ವರ್ಷ ಇದ್ದು ಹೋಗುತ್ತಾನೆ. ಅಟೆಂಡರ್ ನಿವೃತ್ತಿಯವರೆಗೂ ಅಲ್ಲೇ ಇರುತ್ತಾನೆ.

ಪ್ರಶ್ನೆ (ಅದೇ ಎಂಜಿನಿಯರ್): ಅಂಥ ಮೇಜುಗಳಿಗೆ ಹಣವಿಲ್ಲ ಎನ್ನುತ್ತಾರೆ.

ಉತ್ತರ: ಹಾಗಾದರೆ ಗೋಡೆಯ ಬುಡದಲ್ಲಿ ಜಾಲರಿ ಕೊಟ್ಟು ಅಲ್ಲಿಂದ ನಾಳದಲ್ಲಿ ಎಳೆಯಿರಿ, ಅದರ ಬಾಯಿ ಹಾಸ್ಟೆಲ್ ಕಿಟಕಿಯ ಕಡೆಗೆ ಇರದಿರಲಿ. ಶವಪರೀಕ್ಷೆಯ ಕೊಠಡಿಗೆ ಅಮೆರಿಕದಲ್ಲಿ ಹೇಳುವ ಲೆಕ್ಕ ಗಂಟೆಗೆ 12 ಸಲ ಗಾಳಿ ಬದಲಾಗಬೇಕು ಎಂಬುದು. ನಾನು ಇಲ್ಲಿಯೂ ಅದನ್ನೇ ಕೇಳುತ್ತೇನೆ. ಬಾಗಿಲು ತೆರೆದಾಗ ಪಡಸಾಲೆಯ ಗಾಳಿ ಒಳಗೆ ನುಗ್ಗಬೇಕು, ಒಳಗಿನದು ಹೊರಗೆ ಬರಬಾರದು. ಶವಾಗಾರ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಜನರೇಟರ್ ಇರಲಿ. ನಡೆದು ಹೋಗುವಷ್ಟು ದೊಡ್ಡ ಶೀತಕೋಣೆಯಾದರೆ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು; ಒಳಗೆ ಹೋಗುವವರೆಲ್ಲ ಸತ್ತವರಲ್ಲ. ಬಳಸಿದ ಫಾರ್ಮಾಲಿನ್ ಅನ್ನು ಚರಂಡಿಗೆ ಬಿಡುವಂತಿಲ್ಲ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಅದು ಬೇರೆಯಾಗಿ ಸಂಗ್ರಹಿಸಬೇಕಾದ ರಾಸಾಯನಿಕ ತ್ಯಾಜ್ಯ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ನಮ್ಮ ತಂದೆ ದೇಹದಾನಕ್ಕೆ ಬರೆದುಕೊಟ್ಟಿದ್ದಾರೆ. ಕಣ್ಣು ಕೊಟ್ಟರೆ ದೇಹವನ್ನು ಬೇಡವೆನ್ನುತ್ತಾರೆಯೇ?

ಉತ್ತರ: ಇಲ್ಲಮ್ಮ. ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆದುಕೊಂಡ ಮೇಲೂ ದೇಹವನ್ನು ಸ್ವೀಕರಿಸುತ್ತೇವೆ. ಮರಣೋತ್ತರ ಪರೀಕ್ಷೆ ಆದ ದೇಹವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮರಣ ಪ್ರಮಾಣಪತ್ರ ಕೈಯಲ್ಲಿರಲಿ, ಹೊರಡುವ ಮುಂಚೆ ಕಾಲೇಜಿಗೆ ಫೋನ್ ಮಾಡಿ.

ಎಂಜಿನಿಯರ್ ಅವರೇ, ಇಂಥ ಮನೆಯವರು ಬಂದಾಗ ಕೂರಲು ನಿಮ್ಮ ನಕ್ಷೆಯಲ್ಲಿ ಜಾಗ ಎಲ್ಲಿದೆ?

ಎಂಜಿನಿಯರ್: ಇಲ್ಲ ಮೇಡಂ. ಕಸದ ಅಂಗಳದ ಪಕ್ಕದ ಬಾಗಿಲಿನಿಂದಲೇ ಒಳಗೆ ಬರಬೇಕಿತ್ತು. ಮುಂದಿನ ಉಗ್ರಾಣವನ್ನು ತೆಗೆದು ಅಲ್ಲಿ ಒಂದು ಕೋಣೆ, ಬೇರೆ ಬಾಗಿಲು ತೋರಿಸುತ್ತೇನೆ.