ರಜೆಗೆ ಬರುವ ಮಕ್ಕಳಿಗೆ ಯಾವ ಸಿನಿಮಾ? ಅನುಭವ ಹೇಳಿ

ಕೊಪ್ಪಳದ ಸೋದರತ್ತೆ:
ತಮ್ಮನ ಮಕ್ಕಳು ರಜೆಗೆ ಬರುತ್ತಿದ್ದಾರೆ. ದೊಡ್ಡವನಿಗೆ ಹದಿನೈದು, ಹೊಡೆದಾಟ ಬೇಕು. ನಡುವಿನವನಿಗೆ ಸ್ಪೈಡರ್ ಮ್ಯಾನ್ ಬಿಟ್ಟರೆ ಬೇರೆ ದೇವರಿಲ್ಲ. ಆರು ವರ್ಷದ ಪುಟ್ಟಿ ದೆವ್ವದ ಸಿನಿಮಾ ಬೇಕೆಂದು ಫೋನಿನಲ್ಲೇ ಹಟ ಹಿಡಿದಿದ್ದಾಳೆ. ಈಚಿನವುಗಳಲ್ಲಿ ಮೂವರೂ ಕೂತು ನೋಡುವಂಥದ್ದು ಯಾವುದು? ಥಿಯೇಟರೋ, ಮನೆಯ ಟಿವಿಯೋ? ಕೈಯಲ್ಲಿ ಎರಡು ಸಾವಿರ ಇದೆ.

ರಾಯಚೂರು ಸ್ಟೇಷನ್ ರಸ್ತೆ:
ಅಕ್ಕಾ, ಎರಡು ಸಾವಿರ ಎಲ್ಲಿಗೂ ಸಾಲದು. ಹೊಡೆದಾಟದ ಮಲಯಾಳಂ ಚಿತ್ರ ‘ಮಾರ್ಕೊ’ ಬಂದಾಗ ಅಕ್ಕನ ಮಗನನ್ನೂ ಅವನ ಗೆಳೆಯರನ್ನೂ ಕರೆದುಕೊಂಡು ಹೋದೆ. ನಾಲ್ಕು ಟಿಕೆಟ್‌ಗೆ 720, ಮೊಬೈಲಿನಲ್ಲಿ ಕಾಯ್ದಿರಿಸಿದ್ದಕ್ಕೆ ಮೇಲೆ 94, ಆಟೊಗೆ 120. ಬಾಗಿಲಲ್ಲಿದ್ದವನು ಹುಡುಗರ ಮುಖ ನೋಡಿ, ‘ಎ ಸರ್ಟಿಫಿಕೇಟ್, ಆಧಾರ್ ತೆಗೆಯಿರಿ’ ಎಂದ. ಮೀಸೆ ಮೂಡಿದ ಹುಡುಗರು! ಹಣವೂ ವಾಪಸಿಲ್ಲ, ಮರ್ಯಾದೆಯೂ ಇಲ್ಲ. ಅಂದಿನಿಂದ ಹೊಡೆದಾಟವೆಲ್ಲ ಮನೆಯ ಟಿವಿಯಲ್ಲೇ. ‘ಮ್ಯಾಕ್ಸ್’ ಹಾಕಿದೆ: ಒಂದೇ ರಾತ್ರಿಯ ಕಥೆ, ಪೊಲೀಸ್ ಠಾಣೆ, ಸುದೀಪ್. ಕರೆಂಟು ಹೋದಾಗ ಇಡೀ ಮನೆ ವಿದ್ಯುತ್ ಇಲಾಖೆಗೆ ಶಾಪ ಹಾಕಿತು ಎಂದರೆ ಚಿತ್ರ ಹೇಗಿತ್ತೆಂದು ತಿಳಿದುಕೊಳ್ಳಿ.

ಸಿಂಧನೂರು ಮಾಸ್ತರ:
ಬಾಗಿಲಿನವನನ್ನು ಬೈದು ಏನು ಪ್ರಯೋಜನ? ಎ ಎಂದರೆ 18 ತುಂಬಿರಲೇಬೇಕು. 2024ರ ಕೊನೆಗೆ ಬಂದ ಸೆನ್ಸಾರಿನ ಯುಎ 7+, 13+, 16+ ಇವು ಇಷ್ಟು ವಯಸ್ಸಿನೊಳಗಿನವರ ಪಾಲಕರಿಗೆ ಕೊಟ್ಟ ಎಚ್ಚರಿಕೆ, ಅಲ್ಲಿ ಯಾರೂ ತಡೆಯುವುದಿಲ್ಲ. ಎರಡನ್ನೂ ಕಲಸಬೇಡಿ.
ಸ್ಪೈಡರ್ ಮ್ಯಾನ್ ವಿಷಯದಲ್ಲಿ ನನ್ನಷ್ಟು ಕಾಸು ಸುರಿದವರು ಈ ಜಿಲ್ಲೆಯಲ್ಲಿ ಇರಲಾರರು. ‘ಸ್ಪೈಡರ್ ವರ್ಸ್’ ಅನಿಮೇಷನ್ ಚಿತ್ರ ಎರಡನ್ನೂ ಮಗಳ ಜೊತೆ ನೋಡಿದ್ದೇನೆ. 2018ರ ಮೊದಲ ಭಾಗ ನೋಡುವಾಗ ಪಕ್ಕದವರು ‘ಚಿತ್ರ ಸಿಕ್ಕಿಕೊಳ್ಳುತ್ತಿದೆ’ ಎಂದು ಕೂಗಿದರು. ಅದು ಬೇಕೆಂದೇ ಮಾಡಿದ್ದು. ಹಾರಲು ಬಾರದ ಹೊಸ ಸ್ಪೈಡರ್ ಮ್ಯಾನ್ ಹುಡುಗ ಮೈಲ್ಸ್‌ಗೆ ಸೆಕೆಂಡಿಗೆ 12 ಚಿತ್ರ, ಪಕ್ಕದಲ್ಲೇ ಹಾರುವ ನುರಿತ ಹಳೆಯ ಸ್ಪೈಡರ್ ಮ್ಯಾನ್ ಪೀಟರ್‌ಗೆ 24. ಹುಡುಗ ತಡವರಿಸುವುದು ಕಣ್ಣಿಗೇ ತಿಳಿಯುತ್ತದೆ. 2023ರ ಎರಡನೆಯ ಭಾಗದಲ್ಲಿ ಅವನ ಗೆಳತಿ ಗ್ವೆನ್ ತಂದೆಯೊಡನೆ ಮಾತನಾಡುವಾಗ ಹಿಂದಿನ ಗೋಡೆಯ ಬಣ್ಣ ಅವಳ ಮನಸ್ಸಿನಂತೆ ಬದಲಾಗಿ ನೀರಿನ ಹಾಗೆ ಇಳಿಯುತ್ತದೆ. ಇಷ್ಟೆಲ್ಲ ಮಾಡಿ, ಎರಡು ಗಂಟೆ ಇಪ್ಪತ್ತು ನಿಮಿಷ ಕೂರಿಸಿ, ಕೊನೆಗೆ ‘ಮುಂದುವರಿಯುವುದು’ ಎಂದರು. ಮುಂದಿನ ಭಾಗ ಈಗ 2027ಕ್ಕಂತೆ. ಮಗಳು ಅಷ್ಟರಲ್ಲಿ ಕಾಲೇಜಿಗೆ ಹೋಗಿರುತ್ತಾಳೆ.

ಕೌಲ್‌ಬಜಾರ್, ಬಳ್ಳಾರಿ:
ಗೋಡೆಯ ಬಣ್ಣ ನೋಡಲು ಟಿಕೆಟ್ ಕೊಳ್ಳಬೇಕೇ ಮಾಸ್ತರರೇ? ಅನಿಮೇಷನ್ನೇ ಬೇಕೆಂದರೆ ‘ಮಹಾವತಾರ್ ನರಸಿಂಹ’ ನೋಡಿ ಬನ್ನಿ. ಕಂಬ ಒಡೆದಾಗ ನಮ್ಮಮ್ಮ ಕುರ್ಚಿಯಿಂದ ಎದ್ದು ಕೈಮುಗಿದರು. ಬೇಸರವೆಂದರೆ ತ್ರಿಡಿ. ಕನ್ನಡಕಕ್ಕೆ ತಲಾ 30 ಕಿತ್ತುಕೊಂಡರು, ಆ ಕನ್ನಡಕ ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುತ್ತದೆ, ಅದರ ಮೇಲೆ ಪ್ರೊಜೆಕ್ಟರಿನ ದೀಪವೂ ಮಂಕು. ಹಿರಣ್ಯಕಶಿಪುವಿನ ಆಸ್ಥಾನ ಮುಸ್ಸಂಜೆಯ ಹಾಗೆ ಕಂಡಿತು. ನಾನು ನೋಡಿದ್ದು ತೆಲುಗಿನಲ್ಲಿ, ಮಾತು ಮಾತ್ರ ಚೆನ್ನಾಗಿತ್ತು.

ಸಿಂಧನೂರು ಮಾಸ್ತರ:
ತೆಲುಗಿನಲ್ಲೇಕೆ ನೋಡಿದಿರಿ? ಕನ್ನಡದಲ್ಲೂ ಬಂದಿತ್ತಲ್ಲ.

ಕೌಲ್‌ಬಜಾರ್, ಬಳ್ಳಾರಿ:
ನನಗೆ ಹೊಂದುವ ಹೊತ್ತಿನಲ್ಲಿ ಕನ್ನಡದ ಆಟ ಇರಲಿಲ್ಲ. ಬಳ್ಳಾರಿಯಲ್ಲಿ ಎರಡೂ ಮನೆಮಾತು. ಯಾವ ಭಾಷೆಯಲ್ಲಿ ನೋಡಬೇಕೆಂದು ಸಿಂಧನೂರಿನಿಂದ ಅಪ್ಪಣೆ ಬೇಡ.

ಸಿಂಧನೂರು ಮಾಸ್ತರ:
ಅಪ್ಪಣೆಯಲ್ಲ, ಸಂಕಟ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ತಡೆಯುವುದು ತಪ್ಪೆಂದು ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತು. ಸ್ಪೈಡರ್ ಮ್ಯಾನ್ ಕೂಡ ಕನ್ನಡ ಕಲಿತ. ನಾವು ಟಿಕೆಟ್ ಕೊಳ್ಳದಿದ್ದರೆ ಥಿಯೇಟರಿನವರು ಆಟ ಏಕೆ ಇಟ್ಟಾರು?

ಕೊಪ್ಪಳದ ಸೋದರತ್ತೆ:
ಪುಟ್ಟಿಯ ದೆವ್ವದ ವಿಷಯ ಯಾರೂ ಹೇಳಲಿಲ್ಲ.

ಗಂಗಾವತಿಯ ಸೊಸೆ:
ನಾನು ಹೇಳುತ್ತೇನೆ. ನರಸಿಂಹ ಬಂದ 25 ಜುಲೈ 2025ರಂದೇ ‘ಸು ಫ್ರಮ್ ಸೋ’ ಎಂಬ ದೆವ್ವದ ಹಾಸ್ಯಚಿತ್ರ ಬಂದಿತು. ನಮ್ಮ ಮನೆಯವರು ನರಸಿಂಹನಿಗೇ ಹೋಗೋಣವೆಂದರು, ನಾನು ಬಿಡಲಿಲ್ಲ. ನಕ್ಕು ನಕ್ಕು ಅತ್ತೆಯವರ ಹಲ್ಲಿನ ಸೆಟ್ಟು ಸಡಿಲವಾಯಿತು. ಕರಾವಳಿಯ ಮಾತು ಮೊದಲ ಹತ್ತು ನಿಮಿಷ ಕಷ್ಟ, ಆಮೇಲೆ ತಾನೇ ಕಿವಿಗೆ ಹತ್ತುತ್ತದೆ. ದೆವ್ವಕ್ಕೆ ಹೆದರುವುದೇನೂ ಬೇಡ, ಮೈಮೇಲೆ ದೆವ್ವ ಬಂದಿದೆ ಎಂದು ಕಥೆಯ ಹುಡುಗ ಸುಳ್ಳು ಹೇಳುತ್ತಿರುತ್ತಾನೆ ಅಷ್ಟೇ.

ರಾಯಚೂರು ಸ್ಟೇಷನ್ ರಸ್ತೆ:
ತಾಯೀ, ಅದನ್ನೇ ಇಂದು ರಾತ್ರಿ ನೋಡಬೇಕೆಂದಿದ್ದೆ! ಕಥೆಯನ್ನೆಲ್ಲ ಬಿಚ್ಚಿಟ್ಟಿರಲ್ಲ.

ಗಂಗಾವತಿಯ ಸೊಸೆ:
ಊರೆಲ್ಲ ನೋಡಿ ಮುಗಿಸಿದ ಮೇಲೂ ನೋಡದವರಿಗಾಗಿ ನಾನು ಬಾಯಿ ಮುಚ್ಚಿಕೊಂಡಿರಬೇಕೇ? ಸಿಟ್ಟು ಮಾಡುವುದಿದ್ದರೆ ತಿಂಡಿಯ ಅಂಗಡಿಯ ಮೇಲೆ ಮಾಡಿ. ಪಾಪ್‌ಕಾರ್ನ್ 190, ನೀರು 60. ಮನೆಯಿಂದ ಒಯ್ದ ಒಗ್ಗರಣೆ ಮಂಡಕ್ಕಿಯನ್ನು ಬಾಗಿಲಲ್ಲೇ ಕಸಿದುಕೊಂಡರು. ಆಟ ಮುಗಿಸಿ ಬಂದಾಗ ಖಾಲಿ ಡಬ್ಬಿ ಮಾತ್ರ ಸಿಕ್ಕಿತು. ಮಿರ್ಚಿಯ ತೊಟ್ಟುಗಳನ್ನು ಅದರೊಳಗೇ ಬಿಟ್ಟಿದ್ದರು.

ಕೌಲ್‌ಬಜಾರ್, ಬಳ್ಳಾರಿ:
ಟಿಕೆಟ್‌ಗೆ ರಾಜ್ಯ ಸರ್ಕಾರ 200ರ ಮಿತಿ ಹಾಕಿದ್ದೇ ತಡ, ಸೆಪ್ಟೆಂಬರ್ 2025ರಲ್ಲೇ ಹೈಕೋರ್ಟ್ ತಡೆ ಕೊಟ್ಟಿತು. ಇನ್ನು ಪಾಪ್‌ಕಾರ್ನ್‌ಗೆ ಯಾರು ಮಿತಿ ಹಾಕುತ್ತಾರೆ?

ಸಿಂಧನೂರು ಮಾಸ್ತರ:
ಒಂದು ಪರದೆಯ ಥಿಯೇಟರುಗಳಲ್ಲಿ ಟಿಕೆಟ್ 200 ಮುಟ್ಟುವುದೇ ಅಪರೂಪ. ಅದು ಬೆಂಗಳೂರಿನವರ ಜಗಳ, ನೀವೇಕೆ ತಲೆಗೆ ಹಚ್ಚಿಕೊಳ್ಳುತ್ತೀರಿ?

ಕೌಲ್‌ಬಜಾರ್, ಬಳ್ಳಾರಿ:
ಈಗ ಬೆಂಗಳೂರು ಬಂತು! ಭಾಷೆ ನಿಮ್ಮದು, ನೀತಿ ನಿಮ್ಮದು, ಜಗಳ ಮಾತ್ರ ಬೆಂಗಳೂರಿನವರದು. ಮೊದಲು ನಿಮ್ಮ ಸಿಂಧನೂರಿನಲ್ಲಿ ತೆಲುಗು ಚಿತ್ರಕ್ಕೆ ಎಷ್ಟು ಆಟ ಇಡುತ್ತಾರೆ, ಅದನ್ನು ಹೇಳಿ.

ಗಂಗಾವತಿಯ ಸೊಸೆ:
ಮಂಡಕ್ಕಿ ತಿಂದವರ ಮೇಲೆ ಎಲ್ಲಿ ದೂರು ಕೊಡಬೇಕೆಂದು ತಿಳಿದವರಿದ್ದರೆ ಹೇಳಿ. ಡಬ್ಬಿಯ ಫೋಟೊ ಇದೆ.