ಸರ್ಪಸುತ್ತು: ಕರಪತ್ರದಲ್ಲಿ ಈ ಹೆಸರೇ ಇರಲಾ?

ಎಲ್ಲರಿಗೂ ನಮಸ್ಕಾರ.

ಊರಿನ ಹಿರಿಯರಿಗಾಗಿ ಸರ್ಪಸುತ್ತಿನ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ತಲೆಬರಹಕ್ಕೆ ಯಾವ ಪದ ಹಾಕಲಿ ಅನ್ನುವುದೇ ಬಗೆಹರಿದಿಲ್ಲ. ನಿಮ್ಮ ಸಲಹೆ ಬೇಕು.

ಇದರ ವೈದ್ಯಕೀಯ ಹೆಸರು ಹರ್ಪಿಸ್ ಜೋಸ್ಟರ್, ವೈದ್ಯರಿಗೆ ಅದು ಸರಿ. ಆದರೆ ಹರ್ಪಿಸ್ ಅಂದ ಕೂಡಲೇ ಎಷ್ಟೋ ಜನ ಲೈಂಗಿಕ ರೋಗ ಅಂದುಕೊಂಡು ಮುಚ್ಚಿಡುತ್ತಾರೆ. ಆ ಲೈಂಗಿಕ ರೋಗ ತರುವುದು ಹರ್ಪಿಸ್ ಸಿಂಪ್ಲೆಕ್ಸ್, ಬೇರೆ ವೈರಸ್ಸು. ಕುಟುಂಬ ಒಂದೇ, ಅಷ್ಟೇ. ಗ್ರೀಕಿನಲ್ಲಿ ಹರ್ಪಿಸ್ ಪದದ ಮೂಲ ತೆವಳುವುದು, ಜೋಸ್ಟರ್ ಅಂದರೆ ನಡುಪಟ್ಟಿ. ತೆವಳುವ ಸರ್ಪ, ನಡು ಬಳಸುವ ಸುತ್ತು, ಎರಡೂ ಅಲ್ಲೇ ಇವೆ! ನಮ್ಮ ಹಿರಿಯರ ಕಣ್ಣು ಎಷ್ಟು ಚುರುಕು ಅನ್ನಿಸಿತು.

ತೊಂದರೆ ಇರುವುದು ಹೆಸರಿನ ಬೆನ್ನಿಗೆ ಬರುವ ಭಯದಲ್ಲಿ. ಸರ್ಪದ ತಲೆ, ಬಾಲ ಕೂಡಿದರೆ ಜೀವ ಹೋಗುತ್ತದೆ ಅನ್ನುತ್ತಾರಲ್ವಾ? ಗುಳ್ಳೆಗಳು ಒಂದು ನರದ ಜಾಡಿನಲ್ಲಿ ಏಳುತ್ತವೆ. ಹಾಗಾಗಿ ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ನಿಲ್ಲುತ್ತವೆ, ಪೂರ್ತಿ ಸುತ್ತುವುದಿಲ್ಲ. ಕೆಲವರು ಸರ್ಪದೋಷ ಅಂತ ಹರಕೆ, ಶಾಂತಿ ಮಾಡಿಸುತ್ತಾ ದಿನ ಕಳೆಯುತ್ತಾರೆ. ಅಸೈಕ್ಲೋವಿರ್‌ನಂಥ ವೈರಸ್ಸು ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಗುಣ ಜಾಸ್ತಿ. ಕೆಲವರಿಗೆ ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ಉರಿ ಉಳಿಯುವುದುಂಟು.

ಇನ್ನೊಂದು ವಿಷಯ. ಸೀತಾಳೆ ಸಿಡುಬು, ಸರ್ಪಸುತ್ತು ಎರಡನ್ನೂ ತರುವುದು ಒಂದೇ ವೈರಸ್ಸು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿ ವಾಸಿಯಾದ ಮೇಲೂ ಅದು ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಸುಮ್ನೆ ಮಲಗಿರುತ್ತದೆ. ವಯಸ್ಸಾಗಿ ಮೈಯ ಶಕ್ತಿ ಕುಂದಿದಾಗ ಏಳುತ್ತದೆ. ಇಂಗ್ಲೆಂಡಿನ ಸೈರೆನ್ಸೆಸ್ಟರ್ ಊರಿನ ವೈದ್ಯ ಹೋಪ್ ಸಿಂಪ್ಸನ್ 1965ರಲ್ಲಿ ತಮ್ಮ ರೋಗಿಗಳ ದಾಖಲೆ ಇಟ್ಟುಕೊಂಡು ಇದನ್ನು ಬಿಡಿಸಿ ಹೇಳಿದರು. ಸರ್ಪಸುತ್ತು ಆದ ಅಜ್ಜಿಯ ಗುಳ್ಳೆಯ ನೀರು ತಾಗಿದರೆ ಮೊಮ್ಮಗುವಿಗೆ ಸೀತಾಳೆ ಸಿಡುಬು ಬರಬಹುದು, ಸರ್ಪಸುತ್ತು ಅಲ್ಲ. ಈ ನಂಟು ನಮ್ಮ ಎರಡು ಹೆಸರುಗಳಲ್ಲಿ ಎಲ್ಲೂ ಕಾಣುವುದಿಲ್ಲ.

ನರಗುಳ್ಳೆ ಅಂತ ಹೊಸ ಪದ ಕಟ್ಟಬಹುದು. ಆದರೆ ಉರಿಯಿಂದ ಒದ್ದಾಡುವವರಿಗೆ ಅದು ತಮ್ಮದೇ ಕಾಯಿಲೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ ಸರ್ಪಸುತ್ತನ್ನೇ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ 'ಹಳೇ ಸೀತಾಳೆ ಸಿಡುಬಿನ ವೈರಸ್ಸು ಮತ್ತೆ ಎದ್ದಾಗ ಬರುವ ಕಾಯಿಲೆ' ಅಂತ ಬರೆಯೋಣ ಅನ್ನುವ ಕಡೆಗೆ ನನ್ನ ಒಲವು.

ನಿಮ್ಮ ಕಡೆ ಹಾವಿನ ಮಾತಿಲ್ಲದ ಬೇರೆ ಹೆಸರು ಇದೆಯಾ? ಕರಾವಳಿಯವರು ಕೋಟ್ಲೆ ಅನ್ನುವುದು ಸೀತಾಳೆ ಸಿಡುಬಿಗೆ ಮಾತ್ರವಾ, ದಡಾರಕ್ಕೂ ಹೇಳುತ್ತೀರಾ? ಬಳಕೆಯ ವಾಕ್ಯದ ಸಮೇತ ತಿಳಿಸಿದರೆ ತುಂಬಾ ಉಪಕಾರ.